ಪಾಲಿಗೋ, ಗುತ್ತಿಗೆಗೋ

"ಸಾರ್ವಜನಿಕರಿಗೆ ಆದರದ ಸ್ವಾಗತ" ಅಂತ ಅವರೇ ಬರೆದು ಗೋಡೆಗೆ ಅಂಟಿಸಿದ ಮೇಲೆ ಸಾರ್ವಜನಿಕರು ಬರದೇ ಇರ್ತಾರಾ? ನಂಜಪ್ಪನ ವಾದ ಇಷ್ಟೇ. ಕೂಡಿಗೆ ಕಡೆಯಿಂದ ತಾನೂ ಸೇರಿ ಹನ್ನೊಂದು ಜನರನ್ನು ಶುಂಠಿ ಸಾಗಿಸೋ ಪಿಕಪ್ಪಿನಲ್ಲಿ ತುಂಬಿಕೊಂಡು ಬಂದು, ವಿಶ್ವವಿದ್ಯಾಲಯದ ಅಂಗಳದಲ್ಲಿ ಇಳಿಸಿ, ಮೀಸೆ ತಿರುವುತ್ತಾ ನಿಂತಿದ್ದ. ಮಗಳು ರಂಜಿತಾಳ ಪಿಎಚ್.ಡಿ.ಗೆ ಇವತ್ತು ಕೊನೆಯ ಪರೀಕ್ಷೆ. ಎಲ್ಲರೆದುರು ನಿಂತು, ಹೊರಗಿನಿಂದ ಬಂದ ದೊಡ್ಡ ಪ್ರೊಫೆಸರು ಕೇಳಿದ್ದಕ್ಕೆ ಬಾಯಲ್ಲೇ ಉತ್ತರ ಹೇಳಬೇಕು. ಅಂಥ ಪರೀಕ್ಷೆಯ ನೋಟಿಸಿನ ಕೊನೆಯಲ್ಲಿ ಆ ಸ್ವಾಗತದ ಸಾಲು ಯಾವಾಗಲೂ ಇರುತ್ತೆ, ಯಾರೂ ಬರೋದಿಲ್ಲ, ಅದು ಗೊತ್ತಿದ್ದವರಿಗೆ ಗೊತ್ತು. ನಂಜಪ್ಪ ಅದನ್ನು ಬೀಗರೂಟದ ಕಾಗದ ಅಂದುಕೊಂಡ.

ಹೆಂಡತಿ ಸಿದ್ದಮ್ಮ ಗಾಡಿ ಹತ್ತಿದಾಗಿನಿಂದ ಒಂದೇ ಸಮನೆ ಗೊಣಗುತ್ತಿದ್ದಳು. "ನೀವಿಬ್ರು ಬಂದ್ರೂ ನಂಗೆ ಮಾತೇ ಹೊರಡಲ್ಲ, ಬರ್ಬೇಡಿ ಅಂತ ಮಗಳು ಬಾಯಿಬಿಟ್ಟು ಹೇಳಿದ್ಲು. ನೀವು ನೋಡಿದ್ರೆ ದಿಬ್ಬಣಾನೇ ಹೊರಡಿಸ್ಕೊಂಡು ಬಂದ್ರಲ್ಲ!"

"ಸುಮ್ನಿರೇ. ಏಳು ವರ್ಷ ಓದವ್ಳೆ. ನಮ್ಮೋರು ಅನ್ನೋರು ನಾಲ್ಕು ಜನ ಇಲ್ದೇ ಹೋದ್ರೆ ಆ ಮೇಷ್ಟ್ರುಗಳು ಇವಳಿಗೆ ಹಿಂದೆ ಮುಂದೆ ಯಾರೂ ಇಲ್ಲ ಅನ್ಕೋತಾರೆ."

ಏಳು ವರ್ಷ ಅವಳು ಓದಿದ್ದು ಏನು? ಚೀನಾ! ಆ ದೇಶ ಇಷ್ಟು ಬೇಗ ಹೇಗೆ ಬೆಳೀತು, ಸರ್ಕಾರ ಹಗ್ಗ ಸಡಿಲ ಬಿಟ್ಟಿದ್ದಕ್ಕೋ ಬಿಗಿ ಹಿಡಿದಿದ್ದಕ್ಕೋ, ಇನ್ನು ಮುಂದೆ ಯಾವ ದಾರಿ ಹಿಡಿಯಬೇಕು ಅಂತ ಬಲ್ಲವರಲ್ಲೇ ಕಿತ್ತಾಟ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೀತು. ಆ ಕಿತ್ತಾಟದ ಮೇಲೆ ಇವಳು ಕನ್ನಡದಲ್ಲೇ ಮುನ್ನೂರು ಪುಟ ಬರೆದಿದ್ದಳು. ಊರಿನವರು ಬಿಟ್ಟಾರೆಯೇ? "ಏನ್ ಸಿದ್ದಮ್ಮ, ಮಗಳು ಚೀನಾಕ್ಕೆ ಹೋಗಿ ಬಂದ್ಲಾ? ಇಲ್ವಾ? ನೋಡ್ದೇನೇ ಬರೀತಾವ್ಳಾ?" ಪಕ್ಕದ ಮನೆ ಮುದ್ದಿಯಂತೂ, ಬಾಯಿದ್ದರೆ ಬರಗಾಲದಲ್ಲೂ ಬದುಕಬಹುದು ಅಂತಾರಲ್ಲ, ಆ ಪೈಕಿ. "ನಮ್ಮ ಶುಂಠಿ ರೇಟು ಯಾಕೆ ಬಿತ್ತು ಅಂತ ಓದಿದ್ರೆ ನಾಲ್ಕು ಜನಕ್ಕೆ ಉಪಯೋಗ ಆಗ್ತಿತ್ತು ಕಣವ್ವ" ಅಂದಿದ್ದಳು. ಆ ಮುದ್ದಿಯೂ ಇವತ್ತು ರೇಷ್ಮೆ ಸೀರೆ ಉಟ್ಟು ಪಿಕಪ್ಪಿನ ಹಿಂದೆ ನಿಂತೇ ಬಂದಿದ್ದಳು.

ತಮಾಷೆ ಹಾಗಿರಲಿ. ಎರಡು ವರ್ಷದ ಹಿಂದೆ ಇದೇ ಕಟ್ಟಡದಲ್ಲಿ ಒಂದು ಸಣ್ಣ ಪರೀಕ್ಷೆ ನಡೆದಾಗ ರಂಜಿತಾ ನಿಂತಲ್ಲೇ ಮೂಕಿಯಾಗಿಬಿಟ್ಟಿದ್ದಳು. ಗೊತ್ತಿಲ್ಲದೆ ಅಲ್ಲ, ಎಲ್ಲ ಗೊತ್ತಿತ್ತು, ಬಾಯಿ ಮಾತ್ರ ಕೈಕೊಟ್ಟಿತು. ಮನೆಗೆ ಬಂದವಳು ಮೂರು ದಿನ ಸರಿಯಾಗಿ ಊಟ ಮಾಡಲಿಲ್ಲ. ಇವತ್ತೂ ಹಾಗೇ ಆದರೆ ಪ್ರಬಂಧ ವಾಪಸ್, ಇನ್ನೊಂದು ವರ್ಷ ತಿದ್ದಬೇಕು. ಅವಳು ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕಿ. ಪಿಎಚ್.ಡಿ. ಇಲ್ಲದವರನ್ನು ಬರೋ ಜೂನ್‌ನಿಂದ ತಗೊಳ್ಳೋದಿಲ್ಲ ಅಂತ ಅಲ್ಲಿ ಹೇಳಿಬಿಟ್ಟಿದ್ದರು. ಹಾಗಾಗಿ ಇವತ್ತು ಬಾಯಿ ಬಂದರೆ ಕೆಲಸ, ಬಾಯಿ ಹೋದರೆ ಅಪ್ಪ ಅವ್ವನ ಜೊತೆ ಶುಂಠಿ ನೆಡೋ ಬೆಡ್ಡಿನ ಮಣ್ಣು. ಆ ಮಣ್ಣಿನಿಂದ ಮಗಳನ್ನು ಎತ್ತಿ ಆಚೆ ಇಡೋಕೆ ಸಿದ್ದಮ್ಮ ಪಟ್ಟ ಪಾಡು ಸಿದ್ದಮ್ಮನಿಗೇ ಗೊತ್ತು.

ಪರೀಕ್ಷೆಯ ಹಾಲ್‌ನೊಳಗೆ ಹನ್ನೊಂದು ಜನ ಸಾಲಾಗಿ ಕಾಲಿಟ್ಟಾಗ ರಂಜಿತಾಳ ಮುಖ ಸುಣ್ಣದ ಹಾಗೆ ಬಿಳಿಚಿಕೊಂಡಿತು. ಅವಳ ಗೈಡ್ ತೀರ್ಥಪ್ರಸಾದ್ ಒಳ್ಳೆಯ ಮನುಷ್ಯ, ಗಡಿಬಿಡಿಯಲ್ಲಿ ಎದ್ದು ಬಂದು "ಬನ್ನಿ ಬನ್ನಿ, ಕೂತ್ಕೊಳ್ಳಿ" ಅಂತ ಹಿಂದಿನ ಸಾಲುಗಳನ್ನು ತೋರಿಸಿದರು. ಮುಂದೆ ಕೂತಿದ್ದ ಪರೀಕ್ಷಕ ಶಿವಶಂಕರಪ್ಪ ಮಾತ್ರ ಕನ್ನಡಕದ ಮೇಲಿಂದ ಒಮ್ಮೆ ನೋಡಿ ಮತ್ತೆ ಪುಟ ತಿರುವಿದರು. ತಲೆಯೆಲ್ಲ ಬೆಳ್ಳಗಾದ ಆಸಾಮಿ. ಅವರೆದುರು ಗೈಡುಗಳೇ ಬೆವರುತ್ತಾರಂತೆ.

ಮೊದಲ ಅರ್ಧ ಗಂಟೆ ರಂಜಿತಾ ಪರದೆಯ ಮೇಲೆ ಚಿತ್ರ ಹಾಕಿ ಚೆನ್ನಾಗಿಯೇ ಹೇಳಿದಳು. ರಫ್ತು, ಹೂಡಿಕೆ, ಶೇಕಡಾ ಇಷ್ಟು, ಶೇಕಡಾ ಅಷ್ಟು. ಸಿದ್ದಮ್ಮನಿಗೆ ಅರ್ಥವಾದದ್ದು ಅಷ್ಟಕ್ಕಷ್ಟೇ, ಆದರೆ ಮಗಳ ದನಿ ನಿಲ್ಲದೆ ಹರೀತಿತ್ತಲ್ಲ, ಅದೇ ಸಾಕಾಗಿತ್ತು. ಪ್ರಶ್ನೆಗಳು ಶುರುವಾದವು. ಒಂದು, ಎರಡು, ಮೂರು, ಎಲ್ಲಕ್ಕೂ ಉತ್ತರ ಬಂತು. ಮುದ್ದಿ ಸಿದ್ದಮ್ಮನ ತೊಡೆ ತಿವಿದು, "ಪರವಾಗಿಲ್ಲ ಕಣೇ ನಿನ್ ಮಗಳು" ಅಂದಳು.

ಅವಳ ಕಣ್ಣೇ ಬಿತ್ತೋ ಏನೋ. ಶಿವಶಂಕರಪ್ಪ ಪ್ರಬಂಧದ ಒಂದು ಪುಟದ ಮೇಲೆ ಬೆರಳಿಟ್ಟರು. "ಎಪ್ಪತ್ತರ ದಶಕದ ಕೊನೆಯಿಂದ ಕೆಲವೇ ವರ್ಷಗಳಲ್ಲಿ ಚೀನಾದ ಹಳ್ಳಿಗಳಲ್ಲಿ ಧಾನ್ಯದ ಬೆಳೆ ಏರಿತು ಅಂತ ಇಲ್ಲಿ ಲೆಕ್ಕ ಕೊಟ್ಟಿದ್ದೀರಿ. ಅದೇ ನೆಲ, ಅದೇ ಜನ. ಯಾಕಮ್ಮ ಏರಿತು?"

"ಸಾಂಸ್ಥಿಕ ಬದಲಾವಣೆಯ ಪರಿಣಾಮವಾಗಿ ಪ್ರೋತ್ಸಾಹಕಗಳ ರಚನೆಯಲ್ಲಿ ಉಂಟಾದ..."

"ಅದು ಪುಸ್ತಕದ ಮಾತು. ಓದಿದ್ದೇನೆ. ನಿಮ್ಮ ಮಾತಲ್ಲಿ ಹೇಳಿ."

ರಂಜಿತಾ ಬಾಯಿ ತೆರೆದಳು. ಏನೂ ಬರಲಿಲ್ಲ. ನೀರು ಕುಡಿದಳು, ಮತ್ತೆ ತೆರೆದಳು, ಮತ್ತೆ ಏನೂ ಇಲ್ಲ. ಸಿದ್ದಮ್ಮ ಕೂತಲ್ಲೇ ಕೊಡಗಿನ ಇಗ್ಗುತಪ್ಪನಿಗೂ ಊರ ದೇವರಿಗೂ ಒಟ್ಟೊಟ್ಟಿಗೆ ಹರಕೆ ಹೊತ್ತಳು. ಅಯ್ಯೋ, ಅದೇ ನಿಲುವು, ಅದೇ ನೆಲ ನೋಡೋ ಕಣ್ಣು. ಎರಡು ವರ್ಷದ ಹಿಂದಿನದು ಹಾಗೇ ವಾಪಸ್ ಬಂದಿತ್ತು.

ತೀರ್ಥಪ್ರಸಾದ್ ಹುಡುಗಿಗೆ ಒಂದು ನಿಮಿಷ ಉಸಿರು ಸಿಗಲಿ ಅಂತ ಉಪಾಯ ಮಾಡಿದರು. "ಸರ್, ಅಷ್ಟರಲ್ಲಿ ಸಭಿಕರಲ್ಲಿ ಯಾರಾದರೂ ಏನಾದರೂ ಕೇಳೋದಿದ್ದರೆ..." ಅಂದರು. ಹಾಗೆ ಕೇಳೋದು ವಾಡಿಕೆ, ಯಾರೂ ಬಾಯಿ ಬಿಡದೇ ಇರೋದೂ ವಾಡಿಕೆ. ನಂಜಪ್ಪನಿಗೆ ವಾಡಿಕೆ ಗೊತ್ತಿಲ್ಲವಲ್ಲ. ಅವನ ಕೈ ಮೇಲೆ ಹೋಗೇ ಹೋಯಿತು.

ಸಿದ್ದಮ್ಮನಿಗೆ ಗಂಡನ ಬಾಯಿ ಗೊತ್ತು. ಈ ಯಪ್ಪ ಬಾಯಿ ಬಿಟ್ಟರೆ ಮುಗೀತು, ಮೊದಲು ಅವರಜ್ಜ ಹಾಸನದಿಂದ ಎತ್ತಿನ ಗಾಡಿ ಕಟ್ಟಿಕೊಂಡು ಬಂದದ್ದರಿಂದ ಶುರುಮಾಡ್ತಾನೆ! ಅರ್ಧ ಎದ್ದು ಅವನ ಮೊಣಕೈ ಹಿಡಿದು ಕೆಳಕ್ಕೆ ಎಳೆದಳು. ಅವನು ಕೂತ. ಇವಳು ನಿಂತೇ ಇದ್ದಳು.

"ಕೇಳಿಮ್ಮ," ಅಂದರು ಶಿವಶಂಕರಪ್ಪ, ಅವಳನ್ನೇ ನೋಡಿ.

ಎಲ್ಲರೂ ತಿರುಗಿದರು. ನುಂಗೋ ಹಾಗಿಲ್ಲ, ಉಗುಳೋ ಹಾಗಿಲ್ಲ. ಕೂತುಬಿಡೋಣ ಅಂದರೆ ದೊಡ್ಡವರು ಕೇಳಿ ಅಂದಾಗಿದೆ. ಇಷ್ಟು ಹೊತ್ತು ಕೇಳಿದ್ದರಲ್ಲಿ ಒಂದು ವಿಷಯ ಮಾತ್ರ ಅವಳಿಗೆ ನಿಜವಾಗಿ ಬಗೆಹರಿದಿರಲಿಲ್ಲ. ಅದೇ ಬಾಯಿಂದ ಬಂತು.

"ಅಲ್ಲ ಸ್ವಾಮಿ... ಆ ಚೀನಾದ ಜನ ಬೇಸಾಯ ಮಾಡ್ತಿದ್ದಿದ್ದು ಪಾಲಿಗೋ, ಗುತ್ತಿಗೆಗೋ? ಅದನ್ನ ಇವಳು ಹೇಳ್ಲೇ ಇಲ್ಲ."

ಹಿಂದಿನ ಸಾಲಿನ ಹತ್ತು ತಲೆ ಹೌದು ಹೌದು ಅಂತ ಅಲ್ಲಾಡಿದವು. ಶುಂಠಿಯವರಿಗೆ ಅದು ಗೊತ್ತಾಗದೆ ಬೇರೆ ಏನು ಗೊತ್ತಾಗಿ ಏನು ಪ್ರಯೋಜನ? ಶಿವಶಂಕರಪ್ಪ ಕನ್ನಡಕ ತೆಗೆದು ರಂಜಿತಾ ಕಡೆ ತಿರುಗಿದರು. "ಉತ್ತರ ಹೇಳಿ."

"ಮೊದ್ಲು ಎರಡೂ ಅಲ್ಲ ಅವ್ವ," ಅಂದುಬಿಟ್ಟಳು ರಂಜಿತಾ. ಬಾಯಿಂದ ಅವ್ವ ಅಂತ ಬಂದದ್ದು ಅವಳಿಗೇ ಗೊತ್ತಾಗಲಿಲ್ಲ. "ಎಲ್ರೂ ಒಟ್ಟಿಗೆ ಗೇಯೋದು. ಹಾಜರಿ ಬರ್ಕೊಳ್ಳೋರು. ಬೆನ್ನು ಮುರಿಯಂಗೆ ಅಗೆದೋನಿಗೂ ಗುದ್ದಲಿ ಊರ್ಕೊಂಡು ನಿಂತೋನಿಗೂ ಹೆಚ್ಚುಕಮ್ಮಿ ಒಂದೇ."

"ಹಂಗಾದ್ರೆ ಯಾವನು ಬೆಳೀತಾನೆ?" ಅಂದಳು ಮುದ್ದಿ, ಯಾರೂ ಕೇಳದೆಯೇ.

"ಅದೇ ಮುದ್ದಕ್ಕ. ಆಮೇಲೆ ನೆಲಾನ ಮನೆ ಮನೆಗೆ ಹಂಚಿದ್ರು. ಸರ್ಕಾರಕ್ಕೆ ಇಷ್ಟು ಅಂತ ಕೊಟ್ಬಿಡು, ಮಿಕ್ಕಿದ್ದು ನಿಂದು ಅಂದ್ರು. ಗುತ್ತಿಗೆ ಥರ. ಅವ್ವ, ನಾವು ಸುಂಟಿಕೊಪ್ಪದ ಹತ್ರ ಅರ್ಧ ಪಾಲಿಗೆ ಮಾಡ್ತಿದ್ದಾಗ ಅಪ್ಪ ಕೊನೇ ಬೆಡ್ಡಿಗೆ ಮಣ್ಣು ಏರಿಸ್ತಿರ್ಲಿಲ್ಲ. ಅದ್ರಲ್ಲೂ ಓನರಿಗೆ ಅರ್ಧ ಹೋಗುತ್ತಲ್ಲ ಅಂತ ಬಿಡೋನು. ಗುತ್ತಿಗೆ ಆದ ವರ್ಷ ಬೇಲಿ ಮೂಲೇಲೂ ಬೀಜ ಊರಿದ. ಅದೇ ನೆಲ, ಅದೇ ಅಪ್ಪ!"

ಇಡೀ ಹಾಲ್ ನಕ್ಕಿತು. ನಂಜಪ್ಪ ಮುಖ ಕೆಂಪು ಮಾಡಿಕೊಂಡು, "ಇದನ್ನೂ ಬರೆದವ್ಳಾ?" ಅಂತ ಪಕ್ಕದವನನ್ನು ಕೇಳಿದ.

ನಗು ಇಳಿಯೋ ಮೊದಲೇ ರಂಜಿತಾ ಪರೀಕ್ಷಕರ ಕಡೆ ತಿರುಗಿದ್ದಳು. ಈಗ ದನಿಯಲ್ಲಿ ನಡುಕ ಇರಲಿಲ್ಲ. "ಹಾಗಂತ ಅದೊಂದೇ ಕಾರಣ ಅಲ್ಲ ಸರ್. ಆ ವರ್ಷಗಳಲ್ಲೇ ಸರ್ಕಾರ ಧಾನ್ಯಕ್ಕೆ ಬೆಲೆ ಏರಿಸಿತು, ಗೊಬ್ಬರವೂ ಹೆಚ್ಚು ಸಿಕ್ಕಿತು. ಯಾವುದರ ಪಾಲು ಎಷ್ಟು ಅಂತ ಈಗಲೂ ತಕರಾರಿದೆ."

ಶಿವಶಂಕರಪ್ಪ ಮುಂದಿನ ಪ್ರಶ್ನೆಗೆ ಬಾಯಿ ತೆರೆದರು. ಅಷ್ಟರಲ್ಲಿ ಸಿದ್ದಮ್ಮ, ಅವಳು ಇನ್ನೂ ಕೂತಿರಲಿಲ್ಲ, ಮತ್ತೆ ಕೇಳಿದಳು.

"ಅಲ್ಲ ಕಣೇ, ನೆಲ ಯಾರ ಹೆಸರಲ್ಲಿತ್ತು?"

"ಅವರ ಹೆಸರಲ್ಲಿ ಅಲ್ಲ ಅವ್ವ. ಈಗ್ಲೂ ಅಲ್ಲ. ಗೇಯೋ ಹಕ್ಕು ಮಾತ್ರ ಅವರ್ದು."

"ಹಂಗಾದ್ರೆ ನಮ್ಮಂಗೇ ಅನ್ನು. ನಾಳೆ ಬ್ಯಾಡ ಅಂದ್ರೆ?"

ರಂಜಿತಾ ಒಂದು ಗಳಿಗೆ ಸುಮ್ಮನಾದಳು. ಸಿದ್ದಮ್ಮ ತನ್ನನ್ನೇ ಬೈದುಕೊಂಡಳು. ಛೇ, ಬಾಯಿ ಮುಚ್ಕೊಂಡು ಕೂತಿದ್ದರೆ ಆಗ್ತಿರಲಿಲ್ವಾ! ಆದರೆ ಇದು ಮೂಕತನ ಅಲ್ಲ, ಮಗಳು ಯೋಚಿಸುತ್ತಿದ್ದಳು.

"ಸರ್, ಇಡೀ ಚರ್ಚೆ ಇರೋದು ಇಲ್ಲೇ," ಅಂದಳು. "ಬಿಟ್ಟುಕೊಟ್ಟಿದ್ದನ್ನ ಯಾವಾಗ ಬೇಕಾದರೂ ವಾಪಸ್ ಎಳ್ಕೊಳ್ಳೋ ಶಕ್ತಿ ಸರ್ಕಾರದ ಕೈಲೇ ಇದೆ. ಆ ಶಕ್ತಿಯಿಂದಲೇ ರಸ್ತೆ, ರೈಲು, ಕಾರ್ಖಾನೆ ಇಷ್ಟು ಬೇಗ ಆದವು ಅಂತ ಒಂದು ಗುಂಪು. ಅದೇ ಈಗ ಕಾಲಿಗೆ ತೊಡಕು ಅಂತ ಇನ್ನೊಂದು ಗುಂಪು. ನಾಳೆ ಏನಾಗುತ್ತೋ ಅನ್ನೋ ಭಯ ಇದ್ದೋನು ದುಡ್ಡು ಬಿಚ್ಚಲ್ಲ. ಆಸ್ಪತ್ರೆಗೆ, ಮುಪ್ಪಿಗೆ ಅಂತ ಗಂಟು ಕಟ್ಟಿಡ್ತಾನೆ. ಜನ ಕೊಳ್ಳದಿದ್ರೆ ಕಾರ್ಖಾನೆ ಮಾಲು ಎಲ್ಲಿಗೆ ಹೋಗಬೇಕು?"

"ಹಾಗಾದರೆ ನೀವು ಎರಡನೇ ಗುಂಪು?"

"ಹೌದು ಸರ್. ಇನ್ನೊಂದು ಸೇತುವೆ ಕಟ್ಟೋದಕ್ಕಿಂತ ಜನಕ್ಕೆ ಧೈರ್ಯ ಬರೋ ಹಾಗೆ ಮಾಡೋದು ಮೇಲು."

"ಸೇತುವೆ ಇಲ್ಲದಿದ್ದರೆ ಈ ಬೆಳವಣಿಗೆ ಎಲ್ಲಿತ್ತು? ನಿಮ್ಮದೇ ಐದನೇ ಅಧ್ಯಾಯ ನೋಡಿ!"

"ಸೇತುವೆ ಬೇಡ ಅನ್ನಲಿಲ್ಲ ಸರ್ ನಾನು. ಮೊದಲನೇ ಸೇತುವೆಗೂ ಐನೂರನೇ ಸೇತುವೆಗೂ ವ್ಯತ್ಯಾಸ ಇದೆ ಅಂದೆ. ನೀವು ಅದೇ ಅಧ್ಯಾಯದ ಕೊನೇ ಭಾಗ ಬಿಟ್ಟು ಹೇಳ್ತಿದ್ದೀರಿ."

ಅಬ್ಬಬ್ಬಾ! ದೊಡ್ಡವರಿಗೆ ಎದುರುತ್ತರ! ಸಿದ್ದಮ್ಮ ಸೆರಗು ಬಾಯಿಗೆ ಒತ್ತಿಕೊಂಡಳು. ಕೆಟ್ಟಿತು ಕೆಲಸ ಅಂದುಕೊಂಡಳು. ಆದರೆ ಆ ಬಿಳಿತಲೆಯ ಮುಖದಲ್ಲಿ ಸಿಟ್ಟೇ ಇರಲಿಲ್ಲ. ಕುರ್ಚಿಯ ತುದಿಗೆ ಸರಿದು ಕೂತು ಇನ್ನೊಂದು ಕೇಳಿದರು, ಇವಳು ಹೇಳಿದಳು, ಅವರು ಒಪ್ಪಲಿಲ್ಲ, ಇವಳು ಬಿಡಲಿಲ್ಲ. ಕಾಲು ಗಂಟೆ ಅಂತೂ ಇಬ್ಬರೂ ಹೀಗೇ ಜಗ್ಗಾಡಿದರು. ತೀರ್ಥಪ್ರಸಾದ್ ಕುರ್ಚಿಗೆ ಒರಗಿ ಆರಾಮಾಗಿ ಕರ್ಚೀಫಿನಲ್ಲಿ ಮುಖ ಒರೆಸಿಕೊಳ್ಳುತ್ತಿದ್ದರು. ಅದನ್ನು ನೋಡಿದ ಮೇಲೆ ಸಿದ್ದಮ್ಮ ಕೂತಳು.

ದೊಡ್ಡವರು ಪಕ್ಕದ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ಅವರು ಹೊರಗೆ ಬರೋ ತನಕ ಹನ್ನೊಂದು ಜನರಲ್ಲಿ ಒಬ್ಬರೂ ಕೆಮ್ಮಲಿಲ್ಲ. ಬಂದವರು ಒಂದು ಹಾಳೆ ಓದಿದರು. ಉದ್ದುದ್ದ ವಾಕ್ಯ. ಅದರ ಕೊನೆಯಲ್ಲಿ ಪದವಿಗೆ ಶಿಫಾರಸು ಮಾಡಲಾಗಿದೆ ಅನ್ನೋದು ಕೇಳಿಸಿ, ನಂಜಪ್ಪ ಕೂತಲ್ಲಿಂದಲೇ ಶಿಳ್ಳೆ ಹೊಡೆದ. ಹೊಡೆಯಲಿ ಬಿಡಿ, ಯಾರು ತಡೀತಾರೆ? ಮುದ್ದಿ ಎದ್ದು ಹೋಗಿ ರಂಜಿತಾಳ ಕೆನ್ನೆ ಹಿಂಡಿ ದೃಷ್ಟಿ ತೆಗೆದಳು.

ಹೊರಗೆ ಅಂಗಳದಲ್ಲಿ ಕಾಫಿ ಕೊಡುತ್ತಿದ್ದರು. ಶಿವಶಂಕರಪ್ಪ ಲೋಟ ಹಿಡಿದುಕೊಂಡು ಸಿದ್ದಮ್ಮ ನಿಂತಲ್ಲಿಗೇ ಬಂದರು. "ಅಮ್ಮ, ನೆಲ ಯಾರ ಹೆಸರಲ್ಲಿ ಅಂದ್ರಲ್ಲ, ಆ ಪ್ರಶ್ನೆ ನಾನು ಕೇಳಬೇಕಿತ್ತು," ಅಂದರು. ಆಮೇಲೆ ಕೇಳಿದರು, "ನಿಮಗೆ ಸ್ವಂತ ಜಮೀನು?"

"ಇಲ್ಲ ಸ್ವಾಮಿ. ಮೂವತ್ತು ವರ್ಷದಲ್ಲಿ ಆರು ಓನರುಗಳನ್ನ ನೋಡಿದ್ದೀವಿ. ಒಬ್ರು ಬ್ಯಾಡ ಅಂದ್ರೆ ಇನ್ನೊಬ್ರ ಹತ್ರ ಹೋಗೋದು."

ಅವರು ಕೈ ಮುಗಿದು ಹೊರಟರು. ಅಷ್ಟರಲ್ಲಿ ರಂಜಿತಾ ಆ ಹಾಳೆಯ ಒಂದು ಪ್ರತಿ ಹಿಡಿದುಕೊಂಡು ಓಡಿ ಬಂದಳು. ಸಿದ್ದಮ್ಮ ಲೋಟ ಕೆಳಗಿಟ್ಟು, ಸೆರಗಿಗೆ ಕೈ ಒರೆಸಿಕೊಂಡು, ಅದನ್ನು ಇಸ್ಕೊಂಡಳು. ಅವಳಿಗೆ ಓದೋಕೆ ಬರುತ್ತಿರಲಿಲ್ಲ.

"ಇದ್ರಲ್ಲಿ ಯಾರ ಹೆಸರೈತೆ?"

"ನಂದೇ ಅವ್ವ."

"ನಿಮ್ಮಪ್ಪಂದು?"

"ಇಲ್ಲ. ಇನಿಶಿಯಲ್ ಒಂದೈತೆ."

"ನಾಳೆ ಬ್ಯಾಡ ಅಂತ ಯಾರಾದ್ರೂ ವಾಪಸ್ ಕೇಳ್ಬೋದಾ?"

ರಂಜಿತಾ ಅವ್ವನ ಮುಖ ನೋಡಿದಳು.

"ಇಲ್ಲವ್ವ. ಯಾರೂ ಕೇಳೋಂಗಿಲ್ಲ. ನಾನು ಸಾಯೋ ತನಕ ನಂದೇ."

ಸಿದ್ದಮ್ಮ ಮಗಳ ಹೆಸರು ಯಾವುದು ಅಂತ ತೋರಿಸಿಕೊಂಡು, ಅದರ ಮೇಲೆ ಈ ತುದಿಯಿಂದ ಆ ತುದಿಗೆ ಒಂದು ಸಲ ಬೆರಳಾಡಿಸಿದಳು. ಆಮೇಲೆ ಅಲ್ಲೇ ಮೆಟ್ಟಿಲ ಮೇಲೆ ಕೂತು, ಯಾರು ನೋಡಿದರೂ ನೋಡಲಿ ಅಂತ, ಹೊಟ್ಟೆ ತುಂಬ ಅತ್ತಳು.