ಎರಡೂ ಎಡದ ತೋಳು

ಚಾವಣಿಯ ಮೇಲೆ ಬೆಳಕಿನ ಒಂದು ಎಳೆ, ಪರದೆಯ ಸಂದಿಯಿಂದ ನುಸುಳಿ ಬಂದದ್ದು, ನೂಲಿನಷ್ಟು ಸಣ್ಣದು, ಅದು ಎಡಕ್ಕೆ ವಾಲಿದೆಯೋ ಬಲಕ್ಕೋ, ಎಡಕ್ಕೆ, ಎಡಕ್ಕೇ ಅಂದುಕೊಂಡ ಕೂಡಲೆ ಎದೆ ಧಸಕ್ಕೆಂದಿತು — ತೋಳು, ನಿನ್ನೆ ಕತ್ತರಿಸಿದ ಕೋಟಿನ ತೋಳುಗಳು, ಎರಡೂ ಎಡದವೇ ಆಗಿಬಿಟ್ಟಿದ್ದರೆ? ಅವಳು ಕಣ್ಣು ಮುಚ್ಚಿದಳು, ಮುಚ್ಚಿದ ಕಣ್ಣೊಳಗೂ ಆ ಕೋಟು ನಿಂತೇ ಇತ್ತು, ಗುಂಡಿ ಹಾಕಿಕೊಂಡು, ತಲೆಯಿಲ್ಲದೆ, ಎರಡು ಎಡಗೈ ಚಾಚಿಕೊಂಡು. ಐದೂಕಾಲು. ದಿನವೂ ಐದೂಕಾಲೇ, ಮೊದಲು ಅಂಗಾಲು ತಣ್ಣಗಾಗುತ್ತದೆ, ಆಮೇಲೆ ನಾಲಗೆಯ ಮೇಲೆ ತಾಮ್ರ ಸವರಿದ ರುಚಿ, ಆಮೇಲೆ ಎದೆ, ಬಟ್ಟೆಯಿಲ್ಲದೆ ಬರಿದೇ ಓಡುವ ಹೊಲಿಗೆ ಯಂತ್ರ, ಟಕಟಕಟಕ, ಅಲ್ಲಿಂದ ಕಾರಣ ಹುಡುಕುವ ಕೆಲಸ ಶುರು, ಮೊನ್ನೆ ಒಲೆ ಆರಿಸಿಲ್ಲ ಅಂತ, ನಿನ್ನೆ ಅಮ್ಮ ಉಸಿರಾಡುತ್ತಿಲ್ಲ ಅಂತ, ಹೋಗಿ ನೋಡಿದರೆ ಅಮ್ಮ ಹಾಯಾಗಿ ಗೊರಕೆ ಹೊಡೆಯುತ್ತಿದ್ದಳು, ಇವತ್ತು ತೋಳು. ಡಾಕ್ಟರಮ್ಮ ಮೊದಲೇ ಹೇಳಿದ್ದರು, ನೋಡಮ್ಮಾ, ಈ ನಿದ್ದೆ ಮಾತ್ರೆ ಇಳಿಸ್ತಾ ಬಂದಾಗ ಬೆಳಗಿನ ಹೊತ್ತು ಸುಮ್ಮಸುಮ್ಮನೆ ದಿಗಿಲಾಗುತ್ತೆ, ಕಾರಣ ಹುಡುಕ್ತಾ ಕೂರಬೇಡ, ತಡ್ಕೊಳ್ಳೋಕಾಗ್ಲಿಲ್ಲ ಅಂದ್ರೆ ನಂಗೆ ಫೋನ್ ಮಾಡು, ನೀನಾಗೇ ಹೆಚ್ಚು ಕಡಿಮೆ ಮಾಡ್ಬೇಡ. ಒಂದು, ಮುಕ್ಕಾಲು, ಅರ್ಧ, ಈಗ ಕಾಲು, ಬ್ಲೇಡಿನಿಂದ ಸೀಳಿದ ಕಾಲು ಚೂರು, ಏಳು ವಾರ. ಆದರೆ ಅವಳ ಕೈಚೀಲದಲ್ಲಿ, ಗುಂಡಿ ಹಾಕಿಡುವ ತಗಡಿನ ಡಬ್ಬಿಯಲ್ಲಿ, ಒಂದು ಇಡೀ ಮಾತ್ರೆ ಇದೆ, ಡಾಕ್ಟರಮ್ಮನಿಗೆ ಗೊತ್ತಿಲ್ಲ, ಅಮ್ಮನಿಗೂ, ದುಂಡಗೆ, ಬೆಳ್ಳಗೆ, ನುಂಗಿದರೆ ಅರ್ಧ ಗಂಟೆಯಲ್ಲಿ ಲೋಕ ತಣ್ಣಗಾಗುತ್ತದೆ, ಏಳು ವಾರವೂ ತಣ್ಣಗಾಗುತ್ತದೆ, ಮತ್ತೆ ಮೊದಲಿನಿಂದ.

ಏನೇ, ಇಷ್ಟು ಬೇಗ ಎದ್ದೆ, ಅಮ್ಮ ಬಾಗಿಲಲ್ಲಿ, ಚಹಾ ಲೋಟ ಹಿಡಿದು, ಏನಿಲ್ಲಮ್ಮಾ, ಏನೂ ಇಲ್ಲದ್ದಕ್ಕೆ ಯಾರಾದ್ರೂ ಹೀಗೆ ಬೆವರ್ತಾರಾ, ಓಡಿ ಬಂದವಳ ಥರ ಇದ್ದೀಯ, ಹಾಸಿಗೇಲೇ ಎಷ್ಟು ಮೈಲಿ ಓಡಿದ್ಯೇ. ನಗಬೇಕು, ಅಮ್ಮ ನಗಿಸಲೆಂದೇ ಹೇಳಿದ್ದು, ತುಟಿ ಅಗಲಿಸಿದಳು, ಲೋಟ ಇಸಿದುಕೊಂಡಳು. ಅಜ್ಜಿ ಇದ್ದಿದ್ದರೆ ಕಥೆಗೆ ತಿರುಗಿಸಿರುತ್ತಿದ್ದಳು, ಒಂದಾನೊಂದು ಊರಲ್ಲಿ ಒಡೆಯನಿಲ್ಲದ ಒಂದು ನೆರಳಿತ್ತಂತೆ ಮಗಾ, ಬೆಳಕು ಹರಿಯೋ ಹೊತ್ತಿಗೆ ಮನೆಮನೆ ಬಾಗಿಲು ತಟ್ಟೋದಂತೆ, ನಾನ್ಯಾರು ಹೇಳಿ, ನಾನ್ಯಾರು ಹೇಳಿ, ಯಾರು ಹೆಸರು ಕೊಟ್ರೋ ಅವರ ಮನೇಲೇ ಉಳ್ಕೊಳ್ಳೋದಂತೆ — ಕೊಡದಿದ್ರೆ ಅಜ್ಜೀ? ಕೊಡದಿದ್ರೆ ತಟ್ತಾನೇ ಇರೋದು, ಮಲಗು ಈಗ. ತಟ್ಟುತ್ತಾನೇ ಇದೆ ಅಜ್ಜೀ, ಇವತ್ತು ನಾನು ಹೆಸರೂ ಕೊಟ್ಟಾಯಿತು, ತೋಳು ಅಂತ. ಅಷ್ಟೇನೂ ಹುಚ್ಚು ಹೆಸರಲ್ಲ ಅದು, ಕತ್ತರಿ ಹಿಡಿದವರೆಲ್ಲ ಒಂದಲ್ಲ ಒಂದು ಸಲ ಮಾಡುವ ತಪ್ಪು, ಬಟ್ಟೆ ಅಗಲ ಸಾಲದಿದ್ದಾಗ ಮಡಿಸದೆ ಒಂದೇ ಪದರ ಹಾಸಿ ಕತ್ತರಿಸಬೇಕು, ಒಂದು ತೋಳಾದ ಮೇಲೆ ಅಳತೆಯ ಕಾಗದವನ್ನು ಮಗುಚಿ ಹಾಕಬೇಕು, ಮಗುಚಲು ಮರೆತರೆ ಎರಡೂ ಎಡ. ಟೈಲರಂಗಡಿಯ ಮಾಸ್ಟರು ತಾವೇ ಒಮ್ಮೆ ಮಾಡಿದ್ದರಂತೆ, ಆ ಗಿರಾಕಿ ಜೀವಮಾನವಿಡೀ ಬಲಗೈ ಜೇಬಲ್ಲೇ ಇಟ್ಕೊಂಡು ಓಡಾಡಿದ ನೋಡು ಅಂತ ಹೇಳಿ ಅಂಗಡಿಯೆಲ್ಲ ನಗಿಸಿದ್ದರು. ಆದರೆ ಈ ಬಟ್ಟೆ ಬೇರೆ, ಲೈಬ್ರರಿಯಿಂದ ನಿವೃತ್ತಳಾದ ಆ ಹೆಂಗಸು ಎದೆಗವಚಿಕೊಂಡು ತಂದದ್ದು, ನಮ್ಮಕ್ಕ ನೇಯ್ದಿದ್ದು ಕಣಮ್ಮಾ, ಈಗ ಅವಳಿಲ್ಲ, ಇದರಲ್ಲಿ ಒಂದು ಗೇಣೂ ಜಾಸ್ತಿ ಇಲ್ಲ. ಮಗುಚಿದೆನಾ? ನಿನ್ನೆ ಸಂಜೆ ನಾಲ್ಕು, ಸೀಮೆಸುಣ್ಣ, ಟೇಪು, ಕಾಗದ — ಕಾಗದ ಎತ್ತಿದ್ದು ನೆನಪಿದೆ, ಇಟ್ಟದ್ದು ನೆನಪಿದೆ, ನಡುವೆ ಮಗುಚಿದ್ದು ಮಾತ್ರ ಇಲ್ಲ, ಅಲ್ಲೊಂದು ತೂತು.

ಅಂಗಡಿಯ ಬೀಗದ ಕೈ ಅವಳ ಹತ್ತಿರವೂ ಒಂದಿತ್ತು, ಎರಡು ತಿಂಗಳ ಹಿಂದೆ ಕತ್ತರಿಯ ಜೊತೆಗೇ ಮಾಸ್ಟರು ಕೊಟ್ಟದ್ದು, ಇನ್ಮೇಲೆ ನೀನು ಕಟಿಂಗು, ಕೈ ನಡುಗಬಾರದು ಅಷ್ಟೇ. ಬೀದಿಯಲ್ಲಿ ಕಸ ಗುಡಿಸುವವನ ಪೊರಕೆ, ಪರ್ರ್ ಪರ್ರ್, ಯಾರೋ ಉದ್ದಕ್ಕೆ ಬಟ್ಟೆ ಹರಿಯುತ್ತಿರುವಂತೆ, ಬಸ್ ನಿಲ್ದಾಣದಲ್ಲಿ ನಿಂತವರೆಲ್ಲರ ತೋಳು ನೋಡುತ್ತಾಳೆ, ಎಡ ಬಲ, ಎಡ ಬಲ, ಲೋಕವೆಲ್ಲ ಸರಿಯಾಗಿ ಕತ್ತರಿಸಿಕೊಂಡು ಬಂದಿದೆ, ಕಾಲು ತಾನಾಗಿ ಬೀಸಬೀಸ ನಡೆಯುತ್ತದೆ, ಮತ್ತೆ ಆ ಕೋಟು, ಪಕ್ಕದಲ್ಲೇ, ಎರಡು ಎಡಗೈ ಬೀಸುತ್ತ. ತಿರುವಿನಲ್ಲಿ ಒಂದು ವಿಚಿತ್ರ ಆಸೆ ಹುಟ್ಟಿತು, ಹುಟ್ಟಿದ್ದೇ ಅವಳನ್ನು ನಿಲ್ಲಿಸಿಬಿಟ್ಟಿತು: ತಪ್ಪಾಗಿರಲಿ. ದೇವರೇ, ಎರಡೂ ಎಡದವೇ ಆಗಿರಲಿ. ಬೈಸಿಕೊಳ್ಳುತ್ತೇನೆ, ಆ ಹೆಂಗಸಿನ ಕಾಲು ಹಿಡಿಯುತ್ತೇನೆ, ಕತ್ತರಿ ವಾಪಸು ಕೊಡುತ್ತೇನೆ, ಆದರೆ ಈ ಹೆದರಿಕೆಗೊಂದು ವಿಳಾಸ ಇರುತ್ತದೆ, ಅಳಬಹುದು, ಅತ್ತು ಮುಗಿಸಬಹುದು. ಸರಿಯಾಗಿದ್ದರೆ? ಸರಿಯಾಗಿದ್ದರೆ ಆ ಇಡೀ ಮಾತ್ರೆ, ಇನ್ನು ಆಗುವುದಿಲ್ಲ, ನುಂಗಿಬಿಡುವುದು. ಒಪ್ಪಂದ. ಯಾರ ಜೊತೆಗೋ.

ಷಟರು ಎತ್ತಿದಳು, ಇಸ್ತ್ರಿಯ, ಹಸಿ ಬಟ್ಟೆಯ ವಾಸನೆ, ಕಪಾಟಿನ ಮೂರನೇ ಹಲಗೆಯಲ್ಲಿ ಗಂಟು, ಬೆರಳಿಗೆ ಬಿಚ್ಚಲು ಬರುವುದಿಲ್ಲ, ಹಲ್ಲಿನಿಂದ ಬಿಚ್ಚಿದಳು, ಬೆನ್ನು, ಮುಂಭಾಗ, ಕಾಲರು, ತೋಳು, ತೋಳು. ಒಂದನ್ನು ಮೇಜಿನ ಮೇಲೆ ನುಣುಪು ಮೈ ಮೇಲಾಗಿ ಹಾಸಿದಳು, ಇನ್ನೊಂದನ್ನು ಅದರ ಮೇಲೆ ಕವುಚಿ, ನುಣುಪಿಗೆ ನುಣುಪು, ಎರಡೂ ಎಡದವಾದರೆ ಈಗ ಅಂಚು ಕೂಡಬಾರದು, ಕೂಡದಿರಲಿ — ಕೂಡಿತು. ಕಂಕುಳ ತಿರುವಿಗೆ ಕಂಕುಳ ತಿರುವು, ಮುಂಗೈಗೆ ಮುಂಗೈ, ಕೂದಲೆಳೆಯಷ್ಟೂ ಆಚೀಚೆ ಇಲ್ಲ, ಒಂದು ಎಡ, ಒಂದು ಬಲ, ಇಷ್ಟು ಚೆನ್ನಾಗಿ ಅವಳು ಯಾವತ್ತೂ ಕತ್ತರಿಸಿರಲಿಲ್ಲ. ಅವಳು ಕಾದಳು, ಎದೆ ಇಳಿಯಲಿ ಅಂತ. ಟಕಟಕಟಕ. ಬಟ್ಟೆಯೇ ಇಲ್ಲ, ಸೂಜಿ ಓಡುತ್ತಲೇ ಇದೆ, ಹಾಗಾದರೆ ಏನಕ್ಕೆ, ಹಾಗಾದರೆ ಯಾರಿಗೆ, ಕೈ ಚೀಲಕ್ಕೆ ಹೋಯಿತು, ಡಬ್ಬಿಯ ಮುಚ್ಚಳ ಕಿರ್ರೆಂದಿತು, ಬಿಳಿ ಗುಂಡಿಗಳ ನಡುವೆ ರಂಧ್ರವಿಲ್ಲದ ಒಂದು ಗುಂಡಿ. ಅಯ್ಯೋ ತಾಯಿ, ನೀನೇನಾ, ಷಟರು ಎತ್ತಿದೆ ಅಂತ ಕಳ್ಳನಿಗೆ ಹೊಡೆಯೋಕೆ ಛತ್ರಿ ಹಿಡ್ಕೊಂಡು ಬಂದೆ, ಬಾಗಿಲಲ್ಲಿ ಕಾಜಾ ಅಕ್ಕ, ಗುಂಡಿತೂತು ಹೊಲಿದು ಹೊಲಿದು ಅರ್ಧ ಕಣ್ಣು ಕಳೆದುಕೊಂಡವಳು, ದಿನವೂ ಎಲ್ಲರಿಗಿಂತ ಮೊದಲು ಬರುವವಳು, ಬಂದವಳೇ ಎಂದಿನಂತೆ ಫ್ಯಾನು ಹಾಕಿದಳು, ಏನು ಕತ್ತಲಲ್ಲಿ ಸೆಕೇಲಿ ಬೇಯ್ತಾ ನಿಂತಿದ್ದೀಯೇ. ಗಾಳಿಗೆ ಮೇಲಿನ ತೋಳು ಸರ್ರನೆ ಎದ್ದಿತು, ಹಾರುತ್ತದೆ, ನೆಲದ ಮೇಲೆ ಯಂತ್ರದ ಎಣ್ಣೆ, ಆ ಹೆಂಗಸಿನ ಅಕ್ಕ ನೇಯ್ದದ್ದು, ಅವಳು ಡಬ್ಬಿ ಬಿಟ್ಟು ಎರಡೂ ಅಂಗೈ ಊರಿ ಬಟ್ಟೆಯನ್ನು ಒತ್ತಿ ಹಿಡಿದಳು, ಗುಂಡಿಗಳು ಚೆಲ್ಲಾಪಿಲ್ಲಿ ಉರುಳಿದವು, ಅವುಗಳ ಜೊತೆ ಆ ಮಾತ್ರೆಯೂ. ಏನಾಯ್ತೇ, ತಪ್ಪಾಗಿದ್ಯಾ? ಸರಿಯಾಗೇ ಇದೆ ಅಕ್ಕಾ. ಮತ್ತೆ? ಸರಿಯಾಗೇ ಇದೆ, ಅದಕ್ಕೇ ಹೆದರಿಕೆ. ನಿಂದೊಳ್ಳೆ ಕಥೆ ಅಂದ ಕಾಜಾ ಅಕ್ಕ ಕನ್ನಡಕ ಏರಿಸಿ ಅವಳ ಮುಖ ನೋಡಿದಳು, ದಿನಾ ಹೀಗೇನಾ, ದಿನಾ, ಮಾತ್ರೆ ಬಿಡ್ತಾ ಇದ್ದೀನಿ ಅಕ್ಕಾ, ಹತ್ತು ಗಂಟೆಯ ಹೊತ್ತಿಗೆ ತಾನಾಗೇ ಹೋಗುತ್ತೆ. ಡಾಕ್ಟರಿಗೆ ಹೇಳಿದ್ಯಾ? ಒಂಬತ್ತಕ್ಕೆ ಫೋನ್ ಎತ್ತುತ್ತಾರೆ. ಈಗ ಏಳೂ ಮುಕ್ಕಾಲು, ಕಾಜಾ ಅಕ್ಕ ಛತ್ರಿ ಮೂಲೆಗಿಟ್ಟು ಸೂಜಿ ಚುಚ್ಚಿ ಒರಟಾದ ತನ್ನ ಅಂಗೈಯನ್ನು ಬಟ್ಟೆಯ ತೋಳಿನ ಮುಂಗೈ ತುದಿಯ ಮೇಲೆ ಊರಿದಳು, ಒಂಬತ್ತರ ತನಕ ಹಿಡ್ಕೊಂಡಿರೋಣ ಹಾಗಾದ್ರೆ. ಫ್ಯಾನು ಆರಿಸಬೇಕೆಂದು ಇಬ್ಬರಿಗೂ ಹೊಳೆಯಲಿಲ್ಲ, ಅವಳ ಕೈ ಇಲ್ಲಿ, ಅಕ್ಕನ ಕೈ ಅಲ್ಲಿ, ನಡುವೆ ಒತ್ತಲು ಯಾರೂ ಇಲ್ಲದ ಕಡೆ, ಮೊಣಕೈ ಬರಬೇಕಾದ ಜಾಗದಲ್ಲಿ, ಬಟ್ಟೆ ಮೆಲ್ಲಗೆ ಉಬ್ಬಿತು, ಇಳಿಯಿತು, ಉಬ್ಬಿತು, ಒಳಗೆ ಯಾರೋ ಕೈ ತೂರಿಸುತ್ತಿರುವಂತೆ.