ತಿಳಿನೀರಿನ ದಾರಿ

ಅಂದಾನೆಪ್ಪನನ್ನು ಮಣ್ಣು ಮಾಡಿ ಬಂದ ಮರುದಿನ ಬೆಳಿಗ್ಗೆ ಗಜೇಂದ್ರಗಡದ ನೇಕಾರ ಓಣಿಯಲ್ಲಿ ಮಗ್ಗಗಳು ಎಂದಿನಂತೆ ಸದ್ದು ಮಾಡಿದವು. ರೇಣುಕವ್ವನ ಮನೆಯ ಮಗ್ಗವೊಂದೇ ಸುಮ್ಮನಿತ್ತು. ಒಲೆ ಹಚ್ಚುವ ಹಾಗಿರಲಿಲ್ಲ. ಅವಳು ಹಿತ್ತಲ ಬಾಗಿಲಲ್ಲಿ ಕುಳಿತು, ಗಂಡ ಅಂದಾನೆಪ್ಪ ಅರ್ಧಕ್ಕೆ ಬಿಟ್ಟುಹೋದ ಹೊಸ ಕಾಲುವೆಯನ್ನು ನೋಡುತ್ತಿದ್ದಳು. ಅದರ ತುದಿಗೆ ಒಂದು ಬಂಡೆಗಲ್ಲು ಅಡ್ಡವಾಗಿತ್ತು. ಕಲ್ಲಿಗೆ ಒರಗಿದ್ದ ಹಾರೆ ಪಕ್ಕದ ಮನೆಯ ವೀರವ್ವನದು. ಜ್ವರ ಬರುವ ಹಿಂದಿನ ದಿನ ಅವನು ಕೇಳಿ ತಂದದ್ದು. ಅಂಗೈ ಜಾರದಂತೆ ಅದಕ್ಕೆ ಹಳೆಯ ನೂಲು ಸುತ್ತಿದ್ದ.

ಮೈದುನ ಪರಪ್ಪ ನೂಲು ನೆನೆಸುವ ಬಾನಿಯಿಂದ ಎಳೆಗಳನ್ನು ಎತ್ತಿ ಹಿಂಡುತ್ತಿದ್ದ. ಅಣ್ಣ ಬಿಳುಪಿನ ಪುಡಿ ಕಲಸಿ ನೆನೆಹಾಕಿದ ಕೊನೆಯ ನೂಲು ಅದು. ಇನ್ನೂ ಬಿಟ್ಟರೆ ಎಳೆ ಪಿಸಿದುಹೋಗುತ್ತಿತ್ತು.

ಕೆಂಪು, ಕಪ್ಪು ಬಣ್ಣದ ನೀರನ್ನು ಓಣಿಯವರು ಊರ ಹೊರಗೆ ಒಯ್ದು ಚೆಲ್ಲುತ್ತಿದ್ದರು. ಬಿಳುಪಿನ ನೀರನ್ನು ಮಾತ್ರ ಹಿತ್ತಲ ಗಟಾರಕ್ಕೆ ಬಿಡುತ್ತಿದ್ದರು. ಬಣ್ಣ ನೋಡಿ ಬದುಕುವ ಜನ. ಬಣ್ಣವಿಲ್ಲದ ನೀರು ಅವರ ಕಣ್ಣಿಗೆ ಶುದ್ಧ.

ವೀರವ್ವ ರೊಟ್ಟಿ ಬುಟ್ಟಿ, ನೀರಿನ ಕೊಡ ಹೊತ್ತು ಬಂದಳು. “ಏಳವ್ವಾ, ಒಂದು ತುತ್ತರ ತಿನ್ನು.”

ಪರಪ್ಪ ನೀರು ಕುಡಿದು ಹುಬ್ಬೇರಿಸಿದ. “ಇದು ಕೆರಿ ನೀರಲ್ಲೇನ ದೊಡ್ಡವ್ವಾ? ಅಂಗಳದಾಗ ಬಾವಿ ಇಟ್ಕೊಂಡು ಅಷ್ಟು ದೂರ ಹೋಗಿದ್ದಿ? ಮೈ ಕರಗಿಸಬೇಕಂತ ಮಾಡಿಯೇನು?”

“ನಂದೇನು ಉಳದೈತೋ ಕರಗಾಕ!” ವೀರವ್ವ ನಕ್ಕಳು. ಆಮೇಲೆ ದನಿ ತಗ್ಗಿಸಿದಳು. “ಬಾವಿ ನೀರಾಗ ಬ್ಯಾಳಿ ಬೇಯವಲ್ದು. ಗಂಟಲಾ ಉರಿತೈತಿ. ದುಃಖದ ಮನಿಗೆ ಅದನ್ನ ಹ್ಯಾಂಗ ತರ್ಲಿ?”

“ನಮಗ ಹೇಳಲೇ ಇಲ್ಲಲ್ಲ!”

“ಮಗ್ಗಲ ಮನಿಯವ್ರ ಮ್ಯಾಲೆ ಏನಂತ ಹೇಳ್ಲಿ? ನಿಮ್ಮಣ್ಣಗ ಗೊತ್ತಾಗಿತ್ತು. ಒಂದಿನ ನೀರಡಿಸಿ ಬಂದು ಆ ನೀರು ಕುಡದ. ‘ಹಾರಿ ಕೊಡು’ ಅಂದ, ಅಷ್ಟ.”

ರೇಣುಕವ್ವನಿಗೆ ಈ ಸಂಗತಿ ಗೊತ್ತಿರಲಿಲ್ಲ. ‘ಹಳೇ ಗಟಾರ ಕಟ್ಕೊಂಡೈತಿ’ ಎಂದಷ್ಟೇ ಅವನು ಹೇಳಿದ್ದ. ಯಾರನ್ನೂ ದೂರದೆ, ತನ್ನನ್ನೂ ಹೊಗಳಿಕೊಳ್ಳದೆ, ಬರಿಯ ನೆಲ ಅಗೆದಿದ್ದ.

ವೀರವ್ವ ಹೋದ ಮೇಲೆ ಪರಪ್ಪ ಬಾನಿಯ ಅಂಚಿಗೆ ಕೈ ಹಾಕಿದ. “ಇವತ್ತೊಂದಿನ ಹಳೇ ಗಟಾರಕ್ಕ ಬಿಡ್ತೀನ್ರಿ ವೈನಿ. ಓಣಿಯವರೆಲ್ಲಾ ಬಿಡ್ತಾರ. ಮೊದಲೇ ಮನಿಯಾಗ ದುಡಿಯೋ ಕೈ ಕಡಿಮಿ ಆದುವು.”

“ಆ ಬಾವಿ ಮಗ್ಗಲ ಹಾಯೂದು ನಮ್ಮ ಗಟಾರೊಂದ, ಪರಪ್ಪ. ಈ ನೀರ ಅದಕ್ಕ ಇಳಿಯಾಕತ್ತೈತಿ.”

ಅವಳು ಎದ್ದು ಹಾರೆ ಎತ್ತಿದಳು. ನೂಲಿನ ಸುತ್ತು ಅಂಗೈಗೆ ಹಿತವಾಗಿ ಕೂತಿತು. ಎರಡು ಪೆಟ್ಟು ಹಾಕುವಷ್ಟರಲ್ಲಿ ಪರಪ್ಪ ಬಂದು ನಿಂತ. “ಕೊಡ್ರಿ ಇಲ್ಲಿ. ಕಲ್ಲು ಒಡಿಯೂದ ಬ್ಯಾರೆ, ಕಾಯಿ ಒಡಿಯೂದ ಬ್ಯಾರೆ.”

ಹೊತ್ತು ಇಳಿಯುವ ಹೊತ್ತಿಗೆ ಕಲ್ಲು ಬಿರಿಯಿತು. ಬಾನಿಯ ತಿಳಿನೀರು ಬಾವಿಗೆ ಬೆನ್ನು ತಿರುಗಿಸಿ, ಗುಡ್ಡದ ಬುಡದ ಬರಡು ನೆಲದ ಕಡೆಗೆ ಹರಿದುಹೋಯಿತು.

ಮನೆ ಬಿಟ್ಟು ಹೊರಗೆ ಕಾಲಿಡುವ ದಿನವಲ್ಲ. ರೇಣುಕವ್ವ ಹಿತ್ತಲ ಗೋಡೆಯ ಹತ್ತಿರ ನಿಂತು ವೀರವ್ವನನ್ನು ಕರೆದಳು. ಹಾರೆಯ ಮಣ್ಣು ಒರೆಸಿ, ನೂಲು ಬಿಚ್ಚತೊಡಗಿದಳು.

ಗೋಡೆಯ ಆಚೆಯಿಂದ ವೀರವ್ವ ಅವಳ ಕೈ ಹಿಡಿದಳು. “ಬಿಚ್ಚಬ್ಯಾಡವ್ವಾ. ಹಿಡಿಯಾಕ ಚಲೋ ಮಾಡ್ಯಾನ.”

ರೇಣುಕವ್ವ ಬಿಚ್ಚಿದ ಎಳೆಯನ್ನು ಮತ್ತೆ ಸುತ್ತಿ, ಬಿಗಿಯಾಗಿ ಗಂಟು ಹಾಕಿ ಹಾರೆಯನ್ನು ಗೋಡೆ ದಾಟಿಸಿದಳು.