ಇನ್ನೂರರಲ್ಲಿ ನಲವತ್ತೊಂದನೆಯದು

"ಒಂದನ್ನೂ ಬಿಡಲ್ಲ ಅಕ್ಕಾ. ಎಲ್ಲಿದ್ರೂ ಹುಡುಕಿ ತಂದು ಹಾಳು ಮಾಡ್ತೀನಿ," ಎಂದು ಮಾತು ಕೊಟ್ಟಾಗ ತಂಗಿಗೆ ಹದಿನಾಲ್ಕು ವರ್ಷ, ಅಕ್ಕನಿಗೆ ಇಪ್ಪತ್ತು. ಅಕ್ಕ ಕೋಣೆಯ ಬಾಗಿಲು ಹಾಕಿಕೊಂಡು ಎರಡು ದಿನವಾಗಿತ್ತು. ತಂಗಿ ಸಂದಿಗೆ ಬಾಯಿಟ್ಟು ಇಷ್ಟು ಹೇಳಿದ ಮೇಲೆಯೇ ಚಿಲಕ ಸರಿದದ್ದು.

ಅಕ್ಕ ಹಾಡಿದ್ದು ಒಂದೇ ಒಂದು ಚಿಕ್ಕ ರೆಕಾರ್ಡು. ಈ ಕಡೆ ಒಂದು ಹಾಡು, ಆ ಕಡೆ ಒಂದು. ಸಣ್ಣ ಕಂಪನಿಯೊಂದು ಇನ್ನೂರು ಪ್ರತಿ ಒತ್ತಿಸಿತ್ತು. ಪ್ರತಿಯೊಂದರ ನಡುವಿನ ಚೀಟಿಯ ಮೇಲೂ ಅಕ್ಕನೇ ಕೂತು ಹಸಿರು ಶಾಯಿಯಲ್ಲಿ ಸಂಖ್ಯೆ ಬರೆದಿದ್ದಳು. ಮೊದಲ ಹಾಡಿನ ಕೊನೆಯಲ್ಲಿ, ದನಿ ಮೇಲಕ್ಕೇರುವ ಕಡೆ, ಅವಳ ಗಂಟಲು ಬಿರಿದಿತ್ತು. ರೇಡಿಯೊದ ನಗೆಗಾರನೊಬ್ಬನಿಗೆ ಅಷ್ಟೇ ಸಾಕಾಯಿತು. ದಿನಾ ಬೆಳಿಗ್ಗೆ ಆ ತುಣುಕು ಹಾಕಿ, "ಆ ಬಾಗಿಲಿಗೆ ಯಾರಾದ್ರೂ ಎಣ್ಣೆ ಬಿಡ್ರಪ್ಪಾ," ಎನ್ನುತ್ತಿದ್ದ. ಬೀದಿಯ ಮಕ್ಕಳು ಅಕ್ಕನನ್ನು ಕಂಡರೆ "ಎಣ್ಣೆ, ಎಣ್ಣೆ" ಎಂದು ಹಿಂದೆ ಬೀಳತೊಡಗಿದರು. ಅಂದಿನಿಂದ ಅವಳು ಪಾತ್ರೆ ತೊಳೆಯುವಾಗಲೂ ಗುನುಗಿದವಳಲ್ಲ.

ಇದಾಗಿ ಇಪ್ಪತ್ತೆಂಟು ವರ್ಷ. ತಂಗಿಗೆ ಮದುವೆಯಾಯಿತು, ಎರಡು ಮಕ್ಕಳಾದವು, ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಕೆಲಸ ಸಿಕ್ಕಿತು. ಹಳೇ ಸಾಮಾನಿನ ಅಂಗಡಿ, ಮನೆ ಖಾಲಿ ಮಾಡುವವರ ಹರಾಜು, ಸುಳಿವು ಸಿಕ್ಕಲ್ಲೆಲ್ಲ ಹೋಗಿ ತಂದಳು. ತಂದದ್ದನ್ನು ಒಮ್ಮೆಯೂ ಕೇಳಲಿಲ್ಲ. ಪಾಳಿ ಮುಗಿದ ಮೇಲೆ, ಹೊದಿಕೆಗಳಿಗೆ ಇಸ್ತ್ರಿ ಹಾಕುವ ಉಗಿಯಂತ್ರದ ಎರಡು ತಟ್ಟೆಗಳ ನಡುವೆ ಇಟ್ಟು ಹಿಡಿಕೆ ಎಳೆದರೆ ರೆಕಾರ್ಡು ಒಣಗಿದ ಎಲೆಯಂತೆ ಮುದುಡಿಕೊಳ್ಳುತ್ತಿತ್ತು. ಮೊದಮೊದಲು ಅಕ್ಕನ ಸೇಡು ತೀರಿಸಿದಂತೆ ಹಿತವಾಗುತ್ತಿತ್ತು. ಆಮೇಲೆ ಅದೂ ಹೊದಿಕೆ ಮಡಿಸಿದಂತೆಯೇ ಒಂದು ಕೆಲಸವಾಯಿತು.

"ಜನ ಕೂಡಿಡೋಕೆ ಹುಡುಕ್ತಾರೆ, ನೀನು ಸುಡೋಕೆ," ಎನ್ನುತ್ತಿದ್ದ ಗಂಡ. "ನಿಮ್ಮ ಮನೆಯವರಿಗೆಲ್ಲ ಒಂದೊಂದು ತಿರುಪು ಸಡಿಲ."

ನೂರ ಅರವತ್ತಮೂರು ಆಗಿದ್ದವು. ಎರಡು ವರ್ಷದಿಂದ ಹೊಸದೊಂದೂ ಸಿಕ್ಕಿರಲಿಲ್ಲ. ಆಗ ಹಳೇ ರೆಕಾರ್ಡಿನ ಅಂಗಡಿಯವನು ಫೋನು ಮಾಡಿದ. ಮಾತುಮಾತಿಗೂ ತನ್ನ ಯಂತ್ರದ ಸೂಜಿ ಒರೆಸುತ್ತಿದ್ದುದರಿಂದ ಗಿರಾಕಿಗಳೆಲ್ಲ ಅವನನ್ನು ಸೂಜಿಯಣ್ಣ ಎನ್ನುತ್ತಿದ್ದರು.

"ನಲವತ್ತೊಂದು ಬಂದಿದೆ ತಾಯಿ. ಒಂದು ಗೀರಿಲ್ಲ."

ಊಟದ ಬಿಡುವಿನಲ್ಲಿ ಅವಳು ಓಡಿದಳು. ಹಾಕಿ ಕೇಳಿಸದೆ ಸೂಜಿಯಣ್ಣ ಏನನ್ನೂ ಮಾರುವವನಲ್ಲ; ನಾಳೆ ಬಂದು ತಕರಾರು ತೆಗೆಯಬಾರದು ಎಂದು. ಅವಳು ಬೇಡವೆನ್ನುವಷ್ಟರಲ್ಲಿ ರೆಕಾರ್ಡು ತಿರುಗತೊಡಗಿತ್ತು. ಇಪ್ಪತ್ತರ ಅಕ್ಕ ಹಾಡಿದಳು. ಕೊನೆಯಲ್ಲಿ ಗಂಟಲು ಬಿರಿಯಿತು. ಪೆಟ್ಟಿಗೆಗಳನ್ನು ತಡಕುತ್ತಿದ್ದ ಮುದುಕನೊಬ್ಬ ಕೈ ನಿಲ್ಲಿಸಿ, "ಇನ್ನೊಂದ್ಸಲ ಹಾಕಪ್ಪ," ಎಂದ. ತಂಗಿ ಗೋಡೆಯ ಗಡಿಯಾರ ನೋಡಿದಳು.

"ಯಾವನೋ ಒಬ್ಬ ಇದನ್ನ ಗುಡಿಸಿ ಗುಂಡಾಂತರ ಮಾಡ್ತಿದ್ದಾನೆ," ಎಂದ ಸೂಜಿಯಣ್ಣ. "ಅದಕ್ಕೇ ಇಷ್ಟು ಬೇಡಿಕೆ. ಬೇಕಾದಷ್ಟು ಸಿಕ್ಕಿದ್ರೆ ಯಾರು ಮೂಸಿ ನೋಡ್ತಿದ್ರು?"

ಅವಳು ಪರ್ಸು ತೆಗೆದು, "ಎಷ್ಟು?" ಎಂದಳು.

"ಈಗ ಒಂದು ಕಂಪನಿಯವರು ಮತ್ತೆ ಒತ್ತಿಸ್ತಾರಂತೆ. ಮೂಲ ಟೇಪಿಗೆ ಬೂಷ್ಟು ಹಿಡಿದಿದೆ, ಶುದ್ಧವಾದ ಪ್ರತಿ ಇದೊಂದೇ. ಹಾಡಿದವರೂ ಒಪ್ಪಿ ಸಹಿ ಹಾಕಿದ್ದಾರಂತೆ. ನೀವು ಮೊದಲೇ ಹೇಳಿಟ್ಟಿದ್ರಲ್ಲ, ಅದಕ್ಕೇ ಮೊದಲು ನಿಮಗೆ ಹೇಳ್ದೆ."

ತಂಗಿ ಹೊರಗೆ ಮೆಟ್ಟಿಲ ಮೇಲೆ ನಿಂತು ಅಕ್ಕನಿಗೆ ಫೋನು ಮಾಡಿದಳು. ಅಕ್ಕ ಹಲ್ಲಿನ ಡಾಕ್ಟರ ಬಳಿ ಚೀಟಿ ಬರೆಯುವ ಕೆಲಸದಲ್ಲಿದ್ದಳು.

"ಸಹಿ ಹಾಕಿದ್ಯಾ?"

"ಹ್ಞೂಂ ಕಣೆ, ಹೋದ ತಿಂಗಳು. ನಿಂಗೆ ಹೇಳೋಣ ಅಂತಿದ್ದೆ." ಆ ಕಡೆ ಯಾರೋ ಬಾಯಿ ಮುಕ್ಕಳಿಸಿ ಉಗಿದರು. "ಆ ಗಂಟಲು ಬಿರಿದಿರೋ ಜಾಗವೇ ಚೆನ್ನಾಗಿದೆ ಅಂದ್ರು. ನಂಗೂ ಒಂದ್ಸಲ ಕೇಳ್ಬೇಕು ಅನ್ನಿಸ್ತು. ನಿನ್ನ ಹತ್ರ ಒಂದಾದ್ರೂ ಇದ್ಯಾ?"

"ಇಲ್ಲ. ನೂರ ಅರವತ್ಮೂರು ಸುಟ್ಟೆ. ಈಗ ಅಂಗಡೀಲಿ ಇನ್ನೊಂದು ಸಿಕ್ಕಿದೆ."



"ನಾಲ್ಕು ಸುಟ್ಟು ಮರ್ತಿರ್ತೀಯ ಅಂದ್ಕೊಂಡಿದ್ದೆ," ಎಂದಳು ಅಕ್ಕ. "ನೀನೂ ಸರಿಯಾಗಿದ್ದೀಯ." ಮತ್ತೆ ಯಾರಿಗೋ, "ನೀವು ಒಳಗೆ ಹೋಗಿ," ಎಂದು ಹೇಳಿ ದನಿ ತಗ್ಗಿಸಿದಳು. "ಈಗ ಸಿಕ್ಕಿರೋದನ್ನ ಏನೂ ಮಾಡ್ಬೇಡ ಕಣೆ."

ಫೋನು ಇಟ್ಟ ಮೇಲೆ ತಂಗಿ ಕಾದಳು, ಸಿಟ್ಟಾದರೂ ಬರಬಹುದು, ಅಳುವಾದರೂ ಬರಬಹುದು ಎಂದು. ಯಾವುದೂ ಬರಲಿಲ್ಲ. ಎದುರಿನ ಬೀದಿಯಲ್ಲಿ ಬಸ್ಸೊಂದು ಜನರನ್ನು ಇಳಿಸಿ ಹೋಯಿತು. ಬಿಡುವು ಮುಗಿಯಲು ಇನ್ನು ಹತ್ತು ನಿಮಿಷವಿತ್ತು. ಅವಳು ಒಳಗೆ ಹೋದಳು.

"ಕಂಪನಿಯವರಿಗೇ ಕೊಡಿ."

"ಹತ್ತು ವರ್ಷದಿಂದ ಪ್ರಾಣ ತಿಂತಿದ್ರಲ್ಲ ತಾಯಿ, ಈಗ ಬೇಡ್ವಾ?"

"ಬೇಡ."

ಸೂಜಿಯಣ್ಣ ರೆಕಾರ್ಡನ್ನು ಲಕೋಟೆಗೆ ಸರಿಸಿ ಕಪಾಟಿನ ಮೇಲಿಟ್ಟ. ತಂಗಿ ಹೊತ್ತಿಗೆ ಸರಿಯಾಗಿ ಕೆಲಸಕ್ಕೆ ಮರಳಿದಳು. ಒಂದನ್ನೂ ಬಿಡುವುದಿಲ್ಲ ಎಂದಿದ್ದಳು. ನಲವತ್ತೊಂದನ್ನು ಬಿಟ್ಟಳು. ಮಾತು ತಪ್ಪಿದಳು.